ಐದು ನಿಮಿಷಕ್ಕೆ ಐನೂರಾ?

ಕಾರಿನೊಳಗೆ ಕೀ ಬಿಟ್ಟು ಬಾಗಿಲು ಹಾಕಿಕೊಂಡವರು ಮೊದಲು ಅಕ್ಕಪಕ್ಕದವರನ್ನು ಕರೆಯುತ್ತಾರೆ, ಆಮೇಲೆ ಯೂಟ್ಯೂಬ್ ನೋಡುತ್ತಾರೆ, ಕೊನೆಗೆ ಕೀ ಮಾಡುವವರಿಗೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತಿಗೆ ಬಾಗಿಲಿನ ರಬ್ಬರ್ ಹರಿದು, ಬಣ್ಣ ಕೆರೆದುಹೋಗಿರುತ್ತದೆ. ಆದರೂ ಚೌಕಾಸಿ ನಡೆಯುವುದು ಕೊನೆಗೆ ಬಂದವರ ಜೊತೆಗೇ. ಇದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನ ಮಾಮೂ ಬಸ್ ನಿಲ್ದಾಣದ ಬಳಿ ಡುಪ್ಲಿಕೇಟ್ ಕೀ ಮಾಡುತ್ತಾರೆ. ರಜೆಯಲ್ಲಿ ಅವರ ಜೊತೆ ಕೂತು ಈ ಕೆಲಸ ನೋಡಿದ್ದೇನೆ. ಮಾರುತಿ 800ರಂಥ ಹಳೆಯ ಕಾರುಗಳನ್ನು ಗಾಜಿನ ಪಕ್ಕ ಸ್ಟೀಲ್ ಸ್ಕೇಲ್ ಇಳಿಸಿ ತೆಗೆಯುತ್ತಿದ್ದರು. ಅದೇ ನೆನಪಿನಲ್ಲಿ ಜನ ಇಂದಿನ ಕಾರಿಗೂ ಸ್ಕೇಲ್ ತುರುಕುತ್ತಾರೆ. ಆದರೆ ಈಗಿನ ಬಾಗಿಲೊಳಗೆ ಪವರ್ ವಿಂಡೋ, ಸೆಂಟ್ರಲ್ ಲಾಕ್ ವೈರುಗಳಿರುತ್ತವೆ. ಸ್ಕೇಲ್ ತಾಗಿ ಲಾಕಿನ ಕಂಬಿ ಕಳಚಿದರೆ, ಆಮೇಲೆ ಸರಿಯಾದ ಕೀ ಹಾಕಿದರೂ ಬಾಗಿಲು ತೆರೆಯದೆ ಹೋಗಬಹುದು. ರಬ್ಬರ್ ಹರಿದರೆ ಮಳೆಗಾಲದಲ್ಲಿ ನೀರು ಒಳಗೆ ಬರುತ್ತದೆ. ಕೆಲವರು ಲಾಕಿನೊಳಗೆ ಹೇರ್‌ಪಿನ್ ಹಾಕಿ ಮುರಿದಿರುತ್ತಾರೆ. ಆಗ ಮೊದಲು ಆ ತುಂಡು ತೆಗೆಯಬೇಕು, ನಂತರ ಬಾಗಿಲು.

ಕೇಳಿದರೆ ಮಾತ್ರ “ನಾವು ಮುಟ್ಟಿಯೇ ಇಲ್ಲ” ಎನ್ನುತ್ತಾರೆ. ಅದಕ್ಕೇ ಮಾಮೂ ಕೆಲಸಕ್ಕೆ ಮುಂಚೆ ಬಾಗಿಲಿನ ಫೋಟೋ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಹಳೆಯ ಗೀರೂ ಅವರ ತಲೆಗೇ ಬರುತ್ತದೆ. ಆರ್‌ಸಿ ಕೇಳಿದರೆ ಕೆಲವರಿಗೆ ಸಿಟ್ಟು. ಯಾರದೋ ಕಾರನ್ನು ಯಾರಿಗೋ ತೆಗೆದುಕೊಟ್ಟರೆ ಪೊಲೀಸ್ ಠಾಣೆಗೆ ಹೋಗಬೇಕಾದವರು ಯಾರು?

ಬಾಗಿಲ ಸಂದಿಯಲ್ಲಿ ಗಾಳಿ ತುಂಬುವ ಚಿಕ್ಕ ಚೀಲ ಇಟ್ಟು, ಉದ್ದ ಕಂಬಿಯಿಂದ ಒಳಗಿನ ಲಾಕ್ ಎಳೆದರೆ ಐದು ನಿಮಿಷದ ಕೆಲಸ. ಕೂಡಲೇ ಬರುವ ಪ್ರಶ್ನೆ, “ಐದು ನಿಮಿಷಕ್ಕೆ ಐನೂರಾ?”

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಈ ಲೆಕ್ಕ ಬಿಡಿಸಬಲ್ಲೆವು. ಪೆಟ್ರೋಲ್, ಉಪಕರಣ, ಅಷ್ಟು ಹೊತ್ತು ಮುಚ್ಚಿದ ಅಂಗಡಿ, ಇವೆಲ್ಲ ಖರ್ಚೇ. ಅದಕ್ಕಿಂತ ದೊಡ್ಡದು ಕಲಿತ ವರ್ಷಗಳು. ಪಾಲುದಾರಿಕೆಯ ಲೆಕ್ಕದಲ್ಲಿ ಗುಡ್‌ವಿಲ್ ಕಣ್ಣಿಗೆ ಕಾಣದಿದ್ದರೂ ಅದನ್ನು ಆಸ್ತಿ ಎಂದು ಒಪ್ಪಿ ಬೆಲೆ ಕಟ್ಟುತ್ತೇವೆ. ಕೈಕೆಲಸದವರ ಜಾಣ್ಮೆಗೆ ಮಾತ್ರ ಗಡಿಯಾರ ಹಿಡಿಯುತ್ತೇವೆ. ನಿಮಿಷ ಎಣಿಸಿ ಕೊಡುವುದಾದರೆ ಕೆಲಸ ಬಾರದವನಿಗೇ ಹೆಚ್ಚು ಕೊಡಬೇಕಾಗುತ್ತದೆ! ನಮ್ಮ ಮನೆಯ ಉರ್ದುವಿನಲ್ಲಿ ಮೆಹನತ್ ಬೇರೆ, ಹುನರ್ ಬೇರೆ. ಮೊದಲನೆಯದು ಶ್ರಮ, ಎರಡನೆಯದು ಕಲೆ. ಕೂಲಿಯಲ್ಲಿ ಎರಡೂ ಸೇರಿರಬೇಕು.

ರಾತ್ರಿ ಹೊತ್ತು ಸಿಕ್ಕಾಪಟ್ಟೆ ಕೇಳುವವರೂ ಇದ್ದಾರೆ, ನಿಜ. ಅದಕ್ಕೆ ದಾರಿ, ಫೋನಿನಲ್ಲೇ ದರ ಮಾತಾಡಿಕೊಳ್ಳುವುದು. ಆಗಲೇ ನಾವು ಏನೇನು ಪ್ರಯತ್ನಿಸಿದ್ದೇವೆ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಮಗು ಒಳಗೆ ಸಿಕ್ಕಿಕೊಂಡಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಬಿಸಿಲಿನಲ್ಲಿ ಕಾರು ಬೇಗ ಕಾಯುತ್ತದೆ. 112ಕ್ಕೆ ಕರೆ ಮಾಡಿ, ತಡವಾಗುವಂತಿದ್ದರೆ ಮಗುವಿನಿಂದ ದೂರದ ಗಾಜು ಒಡೆಯಬೇಕು.

ಉಳಿದಂತೆ, ಸ್ಕೇಲ್ ಹುಡುಕುವ ಮೊದಲೇ ಫೋನ್ ಮಾಡಿ. ಒಪ್ಪಿಕೊಂಡ ಹಣವನ್ನು ಬಾಗಿಲು ತೆರೆದ ಮೇಲೆ ಕಡಿಮೆ ಮಾಡಬೇಡಿ.