ಅಂಜಿಕೆ ಹುಟ್ಟಿಸುವ ನಾದ

ರಾತ್ರಿ ಭಯಾನಕ ಚಲನಚಿತ್ರ ನೋಡಿ ಮಲಗಿದ ಮಕ್ಕಳು ನಿದ್ದೆಯಲ್ಲಿ ಬೆಚ್ಚಿಬೀಳುತ್ತಾರೆಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ತಾಯಂದಿರು ನಮ್ಮೊಡನೆ ಹೇಳುವುದುಂಟು. ತೆರೆಯ ಮೇಲೆ ಕಂಡ ವಿಕಾರ ರೂಪವೇ ಇದಕ್ಕೆ ಕಾರಣವೆಂದು ಅವರ ಭಾವನೆ. ಅದೇ ದೃಶ್ಯವನ್ನು ಧ್ವನಿ ತೆಗೆದು ನೋಡಿದರೆ ಅಂಜಿಕೆಯ ಬಹುಪಾಲು ಕರಗಿಹೋಗುತ್ತದೆ. ಕಣ್ಣಿಗಿಂತ ಮೊದಲು ಹೆದರುವುದು ಕಿವಿ.

1979ರಲ್ಲಿ ತೆರೆಕಂಡ ‘ಏಲಿಯನ್’ ಎಂಬ ಆಂಗ್ಲ ಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಅಂತರಿಕ್ಷ ನೌಕೆಯೊಳಗಿರುವ ಏಳು ಮಂದಿಯ ನಡುವೆ ಅನ್ಯಲೋಕದ ಕ್ರೂರ ಜೀವಿಯೊಂದು ಸೇರಿಕೊಳ್ಳುವ ಕಥೆ ಅದು. ನಿರ್ದೇಶಕರು ರಿಡ್ಲಿ ಸ್ಕಾಟ್. ಸಂಗೀತ ಜೆರ್ರಿ ಗೋಲ್ಡ್‌ಸ್ಮಿತ್ ಅವರದು. ಗೋಲ್ಡ್‌ಸ್ಮಿತ್ ಮೊದಲು ಆರಂಭಕ್ಕೆ ಇಂಪಾದ ಸಂಗೀತವನ್ನು ರಚಿಸಿದ್ದರು. ಅದು ನಿರ್ದೇಶಕರಿಗೆ ಒಪ್ಪಿಗೆಯಾಗದೆ, ಮನಸ್ಸನ್ನು ಕದಡುವಂಥ ಬೇರೊಂದನ್ನು ಬರೆಯಬೇಕಾಯಿತು. ವಾದ್ಯವೃಂದದೊಡನೆ ಅವರು ಶಂಖವನ್ನೂ, ಆಸ್ಟ್ರೇಲಿಯದ ಮೂಲನಿವಾಸಿಗಳ ಉದ್ದನೆಯ ಕೊಳವೆವಾದ್ಯವನ್ನೂ ಬಳಸಿದರು. ಕೊಳಲಿನ ಚಿಕ್ಕ ಸ್ವರಗುಚ್ಛವನ್ನು ಯಂತ್ರದ ಮೂಲಕ ಮತ್ತೆ ಮತ್ತೆ ಪ್ರತಿಧ್ವನಿಸುವಂತೆ ಮಾಡಿದರು. ಪೂಜೆಯ ವೇಳೆ ಮನಸ್ಸನ್ನು ಶಾಂತಗೊಳಿಸುವ ಶಂಖವೇ ಅಲ್ಲಿ ಎದೆ ನಡುಗಿಸುತ್ತದೆ!

ಇದರ ಗುಟ್ಟು ಅಪೂರ್ಣತೆಯಲ್ಲಿದೆ. ಗಾಯಕನೊಬ್ಬ ನಿಷಾದದವರೆಗೆ ಏರಿ, ಮೇಲಿನ ಷಡ್ಜವನ್ನು ಮುಟ್ಟದೆ ಅಲ್ಲಿಯೇ ನಿಂತರೆ ಕೇಳುಗನ ಜೀವ ತಳಮಳಿಸುತ್ತದೆ. ಭಯಾನಕ ಚಿತ್ರದ ಸಂಗೀತವು ಈ ತಳಮಳವನ್ನೇ ದೀರ್ಘವಾಗಿ ಎಳೆಯುತ್ತದೆ. 1982ರ ‘ದಿ ಥಿಂಗ್’ ಚಿತ್ರದಲ್ಲಿ ಎನ್ನಿಯೋ ಮೋರಿಕೋನೆ ಅವರು ಎದೆಬಡಿತದಂಥ ಮಂದ್ರಸ್ವರದ ಮಿಡಿತವನ್ನು ಬಿಡದೆ ನಡೆಸಿದ್ದಾರೆ. ಏನೋ ಬರಲಿದೆ ಎಂಬುದು ಕೇಳುಗನಿಗೆ ಗೊತ್ತು. ಯಾವಾಗ ಎಂಬುದು ಗೊತ್ತಿಲ್ಲ. ಇದಕ್ಕೂ ಮಿಗಿಲಾದ ಅಸ್ತ್ರ ಮೌನ. ‘ಏಲಿಯನ್’ ಚಿತ್ರದಲ್ಲಿ ಒಬ್ಬನು ಬೆಕ್ಕನ್ನು ಹುಡುಕುತ್ತ ಹೋಗುವಾಗ ಸಂಗೀತ ಹಿಂದೆ ಸರಿದು, ತೊಟ್ಟಿಕ್ಕುವ ನೀರು ಮತ್ತು ತೂಗುವ ಸರಪಳಿಗಳ ಸದ್ದು ಉಳಿಯುತ್ತದೆ. ಆಗ ಕೇಳುಗನ ಕಲ್ಪನೆಯೇ ಅವನನ್ನು ಹೆದರಿಸತೊಡಗುತ್ತದೆ.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೂಡಲಪಾಯ ಬಯಲಾಟದಲ್ಲಿ ರಕ್ಕಸ ಪಾತ್ರ ಕಾಣಿಸಿಕೊಳ್ಳುವ ಮೊದಲೇ ಆರ್ಭಟ ಕೇಳಿಸುತ್ತದೆ, ಮದ್ದಳೆಯ ನಡೆ ಬಿರುಸಾಗುತ್ತದೆ, ಮುಖವೀಣೆ ತಾರಕಕ್ಕೇರುತ್ತದೆ. ಉರುಮೆಯ ಒಂದು ಮುಖವನ್ನು ಕೋಲಿನಿಂದ ಉಜ್ಜಿದಾಗ ಹೊರಡುವ ನರಳುದನಿಯನ್ನು ಕೇಳಿದವರು ಮರೆಯಲಾರರು. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಾವ್ಯವನ್ನು ಹಾಡುವಾಗ, ಒಂದಿಷ್ಟು ಕಥೆ ಹೇಳಿ ನಿಲ್ಲಿಸಿ, ಗಣೆಯೆಂಬ ಉದ್ದನೆಯ ಬಿದಿರ ಕೊಳಲನ್ನು ಊದುತ್ತಾರೆ. ಮುಂದೇನಾಯಿತೆಂಬ ಕುತೂಹಲವನ್ನು ಆ ಊದು ಹೊತ್ತು ನಿಲ್ಲುತ್ತದೆ. ಆದರೆ ಅಲ್ಲಿ ಕೇಳುಗನು ಊರವರ ನಡುವೆ ಕುಳಿತಿರುತ್ತಾನೆ; ಬಾರಿಸುವವನೂ ಊದುವವನೂ ಕಣ್ಣೆದುರಿಗೇ ಇರುತ್ತಾರೆ. ಅಂಜಿಕೆ ಅವನ ಬೆನ್ನು ಹತ್ತಿ ಮನೆಗೆ ಬರುವುದಿಲ್ಲ.

ಈಗಿನ ಸಂಗತಿ ಬೇರೆ. ಮಗು ಕತ್ತಲಕೋಣೆಯಲ್ಲಿ ಒಂಟಿಯಾಗಿ ಮೊಬೈಲ್ ಹಿಡಿದಿದೆ. ನಾದದ ಮೂಲ ಅದಕ್ಕೆ ಕಾಣದು. ದೂರದರ್ಶನದ ವಾರ್ತೆ, ಧಾರಾವಾಹಿಗಳೂ ಇದೇ ಮಿಡಿತವನ್ನು ಎರವಲು ಪಡೆದು, ಸಣ್ಣ ಸುದ್ದಿಯನ್ನೂ ಮಹಾವಿಪತ್ತೆಂಬಂತೆ ಬಿತ್ತರಿಸುವುದುಂಟು. ಮನೆಯಲ್ಲಿನ ವೃದ್ಧರು ಸುದ್ದಿಯ ತಿರುಳನ್ನು ಅರಿಯುವ ಮೊದಲೇ ಕಳವಳಗೊಳ್ಳುತ್ತಾರೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ಸೂಚನೆ. ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ. ಅವರೊಡನೆ ಕುಳಿತು ಆ ದೃಶ್ಯವನ್ನು ಒಮ್ಮೆ ಧ್ವನಿಯೊಡನೆ, ಒಮ್ಮೆ ಧ್ವನಿಯಿಲ್ಲದೆ ನೋಡಿರಿ. ಯಾವ ವಾದ್ಯ, ಯಾವ ಸ್ವರ, ಎಲ್ಲಿ ಮೌನ ಎಂದು ಅವರಿಂದಲೇ ಗುರುತಿಸಿರಿ. ಊರಿನಲ್ಲಿ ಬಯಲಾಟವೋ ಗಣೆಯ ಹಾಡೋ ನಡೆದಾಗ ಕರೆದೊಯ್ದು ವಾದ್ಯಗಾರರ ಹತ್ತಿರ ಕೂರಿಸಿರಿ. ನಾದ ಹುಟ್ಟುವ ಬಗೆಯನ್ನು ಕಂಡ ಮಗು ಕಲೆಯನ್ನು ಸವಿಯುತ್ತದೆ, ಅಂಜಿಕೆಗೆ ಅಡಿಯಾಳಾಗುವುದಿಲ್ಲ.