ಮೊದಲ ನಡೆಯುವ ಯಂತ್ರ ಯಾವುದಿರಬೇಕು?

ಗಾಲಿಗಳ ಮೇಲೆ ಓಡುವ ಆಟದ ಬಂಡಿಯನ್ನು ಕಂಡು ಮಗು ನಲಿಯುವುದು ಸಹಜ. ಕಾಲುಗಳ ಮೇಲೆ ನಡೆಯುವ ಯಂತ್ರವನ್ನು ಕಂಡಾಗಲಾದರೋ ಹಿರಿಯರೂ ಒಂದು ಕ್ಷಣ ನಿಂತು ನೋಡುತ್ತಾರೆ. 1973ರಲ್ಲಿ ಜಪಾನಿನ ವಾಸೆದಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಮತ್ತು ಅವರ ಸಹೋದ್ಯೋಗಿಗಳು ವಾಬಟ್-1 ಎಂಬ ಯಂತ್ರಮಾನವನನ್ನು ಎರಡು ಕಾಲುಗಳ ಮೇಲೆ ನಡೆಸಿದಾಗ ಅದು ದೊಡ್ಡ ಪ್ರಯೋಗಶಾಲೆಯೊಂದಕ್ಕೆ ಮಾತ್ರ ಸಾಧ್ಯವಾದ ಕಾರ್ಯವಾಗಿತ್ತು. ಇಂದು ಅಂಗೈಯಗಲದ ಅಂಥ ಯಂತ್ರವನ್ನು ಪ್ರೌಢಶಾಲೆಯ ಬಾಲಕ ಬಾಲಕಿಯರು ಒಂದೆರಡು ದಿನಗಳಲ್ಲಿ ತಾವೇ ಜೋಡಿಸಬಲ್ಲರು. ಬಿಡಿಭಾಗಗಳೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ, 'ಕಿಟ್' ಎಂಬ ಹೆಸರಿನಲ್ಲಿ, ಮಾರಾಟಕ್ಕೆ ದೊರೆಯುತ್ತವೆ. ಹವ್ಯಾಸಕ್ಕೆ ಹೊಸಬರಾದವರು, ಅಥವಾ ಅಂಥವರಿಗೆ ಕೊಡಿಸಲು ಮುಂದಾಗುವ ಉಪಾಧ್ಯಾಯರು ಮತ್ತು ದಾನಿಗಳು, ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆ ಕೇವಲ ಆಟಿಕೆಯ ಪ್ರಶ್ನೆಯಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಕೇಂದ್ರ ಸರ್ಕಾರದ ನೆರವು ದೊರೆಯುವ ಏರ್ಪಾಡಾಯಿತು. ಆ ನೆರವು ದೊರೆಯದ ಶಾಲೆಗಳಿಗೆ ಹಳೆಯ ವಿದ್ಯಾರ್ಥಿಗಳ ಔದಾರ್ಯವೇ ಆಧಾರ. ದಾನವಾಗಿ ಬಂದ ಹಣ ಅಲ್ಪ. ಅದರಿಂದ ತರುವ ವಸ್ತು ಸಮಾರಂಭದ ದಿನ ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ನಡೆದು, ಮರುದಿನದಿಂದ ಗಾಜಿನ ಬೀರುವಿನಲ್ಲಿ ಧೂಳು ಹಿಡಿಯುವಂತಾದರೆ ಕೊಟ್ಟವರಿಗೂ ಪಡೆದವರಿಗೂ ಅದರಿಂದ ಪ್ರಯೋಜನವಿಲ್ಲ.

ನಡೆಯುವ ಯಂತ್ರದ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಕೀಲುಗಳ ಸಂಖ್ಯೆ. ಒಂದೊಂದು ಕೀಲಿಗೂ ಸರ್ವೊ ಎಂಬ ಒಂದೊಂದು ಪುಟ್ಟ ಮೋಟಾರು ಬೇಕು. ಹೇಳಿದಷ್ಟು ಡಿಗ್ರಿ ತಿರುಗಿ ಅಲ್ಲಿಯೇ ನಿಲ್ಲುವುದು ಇದರ ಗುಣ. ಆರು ಕಾಲಿನ ಯಂತ್ರಕ್ಕೆ ಕಾಲೊಂದಕ್ಕೆ ಮೂರರಂತೆ 18 ಸರ್ವೊಗಳು ಬೇಕಾಗುತ್ತವೆ. ನಾಲ್ಕು ಕಾಲಿನದಕ್ಕೆ 8 ಅಥವಾ 12. ಸರಳವಾದ ಎರಡು ಕಾಲಿನದಕ್ಕೆ 4 ಸಾಕು. ಆರು ಕಾಲಿನ ಯಂತ್ರ ಮೂರು ಕಾಲುಗಳನ್ನು ಎತ್ತಿದಾಗಲೂ ಉಳಿದ ಮೂರರ ಮೇಲೆ ಮುಕ್ಕಾಲುಪೀಠದಂತೆ ಭದ್ರವಾಗಿ ನಿಲ್ಲುವುದರಿಂದ ಹೊಸಬರಿಗೆ ಅದೇ ಸುಲಭವೆಂದು ತೋರುವುದುಂಟು. ಆದರೆ 18 ಮೋಟಾರುಗಳಲ್ಲಿ ಒಂದೊಂದನ್ನೂ 90 ಡಿಗ್ರಿಯ ನಡುಸ್ಥಾನದಲ್ಲಿ ನಿಲ್ಲಿಸಿ, ಬಳಿಕವೇ ಅದರ ತೋಳನ್ನು ಕೂರಿಸಬೇಕು. ಈ ಕ್ರಮ ತಪ್ಪಿದರೆ ಕಾಲು ಓರೆಯಾಗುತ್ತದೆ; ತಪ್ಪಿದ್ದು ಎಲ್ಲಿ ಎಂದು ಹುಡುಕುವುದರಲ್ಲೇ ಮೊದಲ ವಾರದ ಉತ್ಸಾಹ ಕರಗಿಹೋಗುತ್ತದೆ.

ಇನ್ನು ಮಾರುಕಟ್ಟೆಯಲ್ಲಿರುವ ಬಗೆಗಳು. ದೂರನಿಯಂತ್ರಕದಿಂದ ಕುಣಿಯುವ, ಮುಚ್ಚಿದ ಮೈಯ ಗೊಂಬೆಗಳನ್ನು ಇಲ್ಲಿ ಗಣಿಸಬೇಕಾಗಿಲ್ಲ. ಅವು ಒಡೆದ ಮೇಲೆ ಮಾತ್ರ ಒಳಗನ್ನು ತೋರಿಸುತ್ತವೆ. ಅತ್ಯಂತ ಅಗ್ಗದವು ಒಂದೇ ಮೋಟಾರಿನಿಂದ ಸನ್ನೆಕೋಲುಗಳನ್ನು ಆಡಿಸಿ ನಡೆಯುವ ಯಂತ್ರಗಳು. ನೆದರ್ಲೆಂಡಿನ ಕಲಾವಿದ ಥಿಯೊ ಯಾನ್ಸೆನ್ 1990ರಿಂದ ಸಮುದ್ರ ತೀರದಲ್ಲಿ ಗಾಳಿಯ ಬಲದಿಂದಲೇ ನಡೆಸುತ್ತ ಬಂದಿರುವ ಬೃಹದಾಕೃತಿಗಳ ಕಾಲುಗಳೂ ಇಂಥ ಸನ್ನೆಕೋಲುಗಳ ಜೋಡಣೆಯೇ. ಚಲನೆಯ ತತ್ತ್ವವನ್ನು ಕಣ್ಣಿಗೆ ಕಾಣಿಸಲು ಇದಕ್ಕಿಂತ ಉತ್ತಮವಾದ ಉಪಕರಣ ಇಲ್ಲ. ಆದರೆ ಆಜ್ಞೆಯನ್ನು ಬರೆದು ನಡೆಸುವ ಅವಕಾಶ ಅದರಲ್ಲಿಲ್ಲ. ಇನ್ನೊಂದು ತುದಿಯಲ್ಲಿ ಪೆಟಾಯ್ ಸಂಸ್ಥೆಯ ಬಿಟಲ್‌ನಂಥ ಯಂತ್ರನಾಯಿಗಳಿವೆ. ಅದರ ತಂತ್ರಾಂಶವೂ ಮುಕ್ತವಾಗಿದೆ, ನಡಿಗೆಯೂ ಬಲು ಚೆಂದ. ಬೆಲೆ ಮಾತ್ರ 20,000 ರೂಪಾಯಿಗಳನ್ನು ಮೀರುತ್ತದೆ.

ಇವೆರಡರ ನಡುವೆ, ಮೊದಲ ಯಂತ್ರವಾಗಲು ಹೆಚ್ಚು ಅರ್ಹವಾದುದು ಒಟ್ಟೊ ಎಂಬ ದ್ವಿಪಾದಿ. ಕ್ಯಾಮಿಲೊ ಪಾರ್ರಾ ಪಲಾಸಿಯೊ ಎಂಬವರು ಝೆಕ್ ಗಣರಾಜ್ಯದಲ್ಲಿ ಆರಂಭಿಸಿದ ಈ ಯಂತ್ರದ ನಕ್ಷೆ, ತಂತ್ರಾಂಶಗಳೆರಡೂ ಯಾರು ಬೇಕಾದರೂ ಬಳಸಬಹುದಾದಂತೆ ಮುಕ್ತವಾಗಿವೆ. ಸೊಂಟದಲ್ಲಿ ಎರಡು, ಪಾದದಲ್ಲಿ ಎರಡು, ಹೀಗೆ ನಾಲ್ಕೇ ಸರ್ವೊಗಳು. ಪಾದದ ಸರ್ವೊ ಮೈಯನ್ನು ಒಂದು ಬದಿಗೆ ವಾಲಿಸಿ ಗುರುತ್ವ ಕೇಂದ್ರವನ್ನು ಆ ಪಾದದ ಮೇಲೆ ತರುತ್ತದೆ. ಆಗ ಸೊಂಟದ ಸರ್ವೊ ತಿರುಗಿ ಇನ್ನೊಂದು ಕಾಲನ್ನು ಮುಂದಕ್ಕೆ ತರುತ್ತದೆ. ಮನುಷ್ಯನ ನಡಿಗೆಯ ಗುಟ್ಟನ್ನು ಇಷ್ಟು ಕಡಿಮೆ ಭಾಗಗಳಲ್ಲಿ ತೋರಿಸುವ ಪಾಠ ಮತ್ತೊಂದು ಸಿಗುವುದು ಕಷ್ಟ. ಇದರದು ನಿಜವಾದ ನಡಿಗೆಯಲ್ಲ, ಅಗಲ ಪಾದಗಳ ಮೇಲಿನ ತೂಗಾಟವೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆ ಸುಳ್ಳಲ್ಲ. ಆದರೆ ಮಗುವೂ ಮೊದಲು ತೂಗಾಡಿಯೇ ನಡೆಯುತ್ತದೆ.

ಇದರ ಇನ್ನೊಂದು ಗುಣ ದುರಸ್ತಿಯದು. ಇದರ ಮೆದುಳು ಆರ್ಡುಯಿನೊ ನ್ಯಾನೊ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗೆಂದೇ ರೂಪುಗೊಂಡ ಫಲಕದ ವಂಶಕ್ಕೆ ಸೇರಿದ್ದು. ಇದರ ಸರ್ವೊ 9 ಗ್ರಾಂ ತೂಕದ ಎಸ್‌ಜಿ-90. ಅದರ ಪ್ಲಾಸ್ಟಿಕ್ ಹಲ್ಲುಚಕ್ರಗಳು ಸವೆಯುವುದು ಖಂಡಿತ. ಕಾಲನ್ನು ಕೈಯಿಂದ ತಿರುವಿದ ಮಗುವಿನ ಕೈಯಲ್ಲಿ ಇನ್ನೂ ಬೇಗ. ಆದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಸ್.ಪಿ. ರೋಡ್ ಎಂದು ಎಲ್ಲರೂ ಕರೆಯುವಲ್ಲಿ, ಇದು ನೂರು ರೂಪಾಯಿಯ ಆಸುಪಾಸಿಗೆ ಸಿಗುವ ಸರಕು. ಲೋಹದ ಹಲ್ಲಿನ ಎಂಜಿ-90ಎಸ್ ಕೂಡ ಇದೇ ಗಾತ್ರದ್ದು. ತನ್ನದೇ ವಿಶೇಷ ಮೋಟಾರನ್ನು ಬಳಸುವ ಕಿಟ್ಟಿನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಒಂದು ಹಲ್ಲು ಮುರಿದರೆ ಹೊರದೇಶದಿಂದ ಬರುವ ಅಂಚೆಗಾಗಿ ತಿಂಗಳು ಕಾಯಬೇಕಾದೀತು. ಅಗ್ಗವೆಂಬ ಮಾತಿಗೆ ಅರ್ಥ ಕೊಡುವುದು ಕೊಂಡ ದಿನದ ಬೆಲೆಯಲ್ಲ, ಮೊದಲ ಸಲ ಕೆಟ್ಟ ದಿನದ ವೆಚ್ಚ.

ಬ್ಯಾಟರಿಯ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಮೋಸಹೋಗುತ್ತಾರೆ. ಚೌಕಾಕಾರದ 9 ವೋಲ್ಟಿನ ಬ್ಯಾಟರಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನೇ ಜೋಡಿಸುವುದು ವಾಡಿಕೆ. ವೋಲ್ಟೇಜು ಹೆಚ್ಚಿದ್ದರೂ ನಾಲ್ಕು ಸರ್ವೊಗಳು ಒಟ್ಟಿಗೆ ಬಯಸುವ ವಿದ್ಯುತ್ ಪ್ರವಾಹವನ್ನು ಅದು ಕೊಡಲಾರದು; ಯಂತ್ರ ನಡುಗಿ ನಿಂತುಬಿಡುತ್ತದೆ. ತಪ್ಪು ತನ್ನ ಬರವಣಿಗೆಯಲ್ಲಿದೆಯೆಂದು ವಿದ್ಯಾರ್ಥಿ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಾನೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಬಗೆಯ ಎಎ ಸೆಲ್ಲುಗಳು ನಾಲ್ಕು ಸೇರಿದರೆ 4.8 ವೋಲ್ಟು; ಶಾಲೆಗೆ ಇದೇ ಕ್ಷೇಮ. ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರವಾದರೂ ಚುಚ್ಚಿದರೆ ಅಥವಾ ಮಿತಿಮೀರಿ ತುಂಬಿಸಿದರೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಹಿರಿಯರ ಕಣ್ಗಾವಲಿಲ್ಲದೆ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಒಂದು ಯಂತ್ರನಾಯಿಯ ಬೆಲೆಗೆ ಒಟ್ಟೊದ ಬಗೆಯ ಯಂತ್ರಗಳು ಏಳೆಂಟು ಬರುತ್ತವೆ. ಮೂವರಿಗೊಂದರಂತೆ ಹಂಚಿದರೂ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಕೈಗೆ ಸ್ಕ್ರೂಡ್ರೈವರ್ ಬರುತ್ತದೆ. ಒಂದೇ ದೊಡ್ಡ ಯಂತ್ರವಿದ್ದಲ್ಲಿ ಸಾಮಾನ್ಯವಾಗಿ ಚುರುಕಾದ ಒಬ್ಬನೇ ಅದನ್ನು ಜೋಡಿಸುತ್ತಾನೆ. ಉಳಿದವರು ಹಿಂದೆ ನಿಂತು ನೋಡುತ್ತಾರೆ, ಹೆಣ್ಣುಮಕ್ಕಳು ಅವರಿಗೂ ಹಿಂದೆ. ದಾನಿಗಳ ಹೆಸರನ್ನು ಕೆತ್ತಿಸಲು ದೊಡ್ಡ ಯಂತ್ರವೇ ಅನುಕೂಲವೆಂಬುದನ್ನು ಒಪ್ಪಬೇಕು. ಅದೇ ಹಣದ ಒಂದು ಪಾಲನ್ನು ಕೈಪಿಡಿಗೆ ತೆಗೆದಿಡುವುದೂ ಅಗತ್ಯ. ಹೆಚ್ಚಿನ ಕಿಟ್‌ಗಳ ವಿವರಣೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ವಿದ್ಯಾರ್ಥಿ ಎಡವುವುದು ಯಂತ್ರದಲ್ಲಲ್ಲ, ಆ ಭಾಷೆಯಲ್ಲಿ. ಉಪಾಧ್ಯಾಯರು ತಾವೇ ಒಂದನ್ನು ಮೊದಲು ಜೋಡಿಸಿ, ಹಂತಗಳನ್ನು ಚಿತ್ರಸಹಿತ ಕನ್ನಡದಲ್ಲಿ ನಾಲ್ಕು ಪುಟಗಳಿಗೆ ಇಳಿಸಿದರೆ ಮುಂದಿನ ವರ್ಷಗಳ ತಂಡಗಳಿಗೂ ಅದು ಒದಗುತ್ತದೆ.

ಯಂತ್ರಗಳಿಗಾಗಿ ಅಂದಾಜುಪಟ್ಟಿ ತಯಾರಿಸುವಾಗ ಪ್ರತಿಯೊಂದಕ್ಕೆ ಎರಡು ಹೆಚ್ಚುವರಿ ಸರ್ವೊಗಳು, ನಾಲ್ಕು ಸೆಲ್ಲುಗಳು, ಹಾಗೂ ಎಲ್ಲಕ್ಕೂ ಸೇರಿ ಒಂದೆರಡು ಚಾರ್ಜರುಗಳನ್ನು ಆರಂಭದಲ್ಲಿಯೇ ಸೇರಿಸಿ ದಾನಿಗಳ ಮುಂದಿಡುವುದು ಉಚಿತ.