ಬೀಜವೋ, ಹುಟ್ಟೋ?

ಮುಧೋಳ, ಜಮಖಂಡಿ, ಮಹಾಲಿಂಗಪುರದ ಸೀಮೆಯಲ್ಲಿ ಬೆಲ್ಲದ ಗಾಣ ನಡೆಸುವವರಿಗೆ ಹೊಸದಾಗಿ ಹೇಳಬೇಕಿಲ್ಲದ ಮಾತೊಂದಿದೆ. ಕಬ್ಬಿನ ಹಾಲು ಅದೇ, ಒಲೆ ಅದೇ, ಆದರೂ ಒಂದು ಪಾಕ ಹರಳುಗಟ್ಟಿ ಗಟ್ಟಿ ಪೆಂಟಿಯಾಗುತ್ತದೆ, ಇನ್ನೊಂದು ಜಿಗುಟಾಗಿ ಉಳಿಯುತ್ತದೆ. ಕಡಾಯಿ ಯಾವಾಗ ಇಳಿಯಿತು, ಪಾಕ ತಣಿಯುವಾಗ ಕಟ್ಟಿಗೆಯ ಹುಟ್ಟಿನಿಂದ ಅದನ್ನು ಎಷ್ಟು ತಿರುವಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇದೇ ಸೀಮೆಯ ಸಕ್ಕರೆ ಕಾರ್ಖಾನೆಗಳ ದಾರಿ ಬೇರೆ. ಅಲ್ಲಿ ಪ್ಯಾನಿನಲ್ಲಿ ಕುದಿಯುವ ರಸಕ್ಕೆ ನುಣ್ಣಗೆ ಅರೆದ ಸಕ್ಕರೆಯನ್ನೇ ಬೀಜವಾಗಿ ಬಿಡುತ್ತಾರೆ, ಪ್ರತಿ ಬೀಜದ ಸುತ್ತ ಒಂದೊಂದು ಹರಳು ಬೆಳೆಯುತ್ತದೆ. ಬೀಜ ಬಿತ್ತುವುದು, ಹುಟ್ಟು ಆಡಿಸುವುದು: ದ್ರವವೊಂದು ಗಟ್ಟಿಯಾಗುವಾಗ ಅದನ್ನು ಹದಕ್ಕೆ ತರಲು ಮನುಷ್ಯ ಕಂಡುಕೊಂಡ ಎರಡು ಉಪಾಯಗಳಿವು. ಅಲ್ಯೂಮಿನಿಯಂ ಎರಕದಲ್ಲೂ ಇವೇ ಎರಡು. ಆದರೆ ಎರಕದ ಗುಣದ ಮಾತು ಬಂದಾಗ ನಮ್ಮ ಕಣ್ಣು ಲೋಹದಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂಬ ಪಟ್ಟಿಯ ಮೇಲೇ ಇರುತ್ತದೆ. ಅದು ಅರ್ಧ ಉತ್ತರ. ಮಿಕ್ಕ ಅರ್ಧ ತೀರ್ಮಾನವಾಗುವುದು ಲೋಹ ಹೆಪ್ಪುಗಟ್ಟುವ ಕೆಲವೇ ನಿಮಿಷಗಳಲ್ಲಿ.

ವಾಹನದ ಚಕ್ರಗಳಿಗೆ ಬಳಸುವ, ಶೇ 7ರಷ್ಟು ಸಿಲಿಕಾನ್ ಇರುವ ಮಿಶ್ರಲೋಹವನ್ನೇ ನೋಡಿ. ಅದು ಸುಮಾರು 615 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟಲು ತೊಡಗಿ 577 ಡಿಗ್ರಿಯ ಆಸುಪಾಸಿನಲ್ಲಿ ಮುಗಿಸುತ್ತದೆ. ಮೊದಲು ಹುಟ್ಟುವ ಅಲ್ಯೂಮಿನಿಯಂ ಹರಳುಗಳು ಗುಂಡಗಿರುವುದಿಲ್ಲ. ಕಾಂಡ, ಕೊಂಬೆ, ಕೊಂಬೆಗೆ ಟಿಸಿಲು ಎಂಬಂತೆ ಮರದ ಹಾಗೆ ಬೆಳೆಯುತ್ತವೆ. ಅಚ್ಚಿನ ತಂಪು ಗೋಡೆಯಿಂದ ಹೊರಟವು ಉದ್ದುದ್ದ ಕಂಬಗಳಂತೆ ನಡುವಿಗೆ ಚಾಚಿಕೊಳ್ಳುತ್ತವೆ. ಗಟ್ಟಿಯಾಗುವಾಗ ಲೋಹ ಕುಗ್ಗುತ್ತದೆ. ಶುದ್ಧ ಅಲ್ಯೂಮಿನಿಯಮ್ಮಾದರೆ ಶೇ 6ಕ್ಕೂ ಹೆಚ್ಚು. ಆ ಕೊರತೆ ತುಂಬಲು ಉಳಿದ ದ್ರವ ಕೊಂಬೆಗಳ ಸಂದಿಯಲ್ಲಿ ಹರಿದು ಬರಬೇಕು. ಕಾಡು ದಟ್ಟವಾಗಿದ್ದರೆ ದಾರಿ ಮುಚ್ಚುತ್ತದೆ. ಒಳಗೆ ಟೊಳ್ಳು ಉಳಿಯುತ್ತದೆ, ಕೆಲವೊಮ್ಮೆ ಬಿಸಿಯಲ್ಲೇ ಬಿರುಕು ಬಿಡುತ್ತದೆ. ಪ್ರಯೋಗಾಲಯದ ವರದಿಯಲ್ಲಿ ರಸಾಯನವೆಲ್ಲ ಸರಿಯಿದ್ದೂ ಎರಕ ತಿರಸ್ಕಾರವಾಗುವುದು ಹೀಗೆ.

ಉದ್ದ ಕಂಬಗಳ ಬದಲು ಎಲ್ಲೆಡೆ ಚಿಕ್ಕ ಹರಳುಗಳು ಮೂಡಿದರೆ ಆ ದಾರಿ ತೆರೆದಿರುತ್ತದೆ; ಬೀಜವೂ ಹುಟ್ಟೂ ಬೇಕಾಗುವುದು ಅದಕ್ಕೇ. ಬೀಜದ ದಾರಿಯಲ್ಲಿ ನಮ್ಮ ಜಿಲ್ಲೆಯದೇ ಕೆಲಸವಿದೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಎಸ್. ಎ. ಕೋರಿ ಅವರು ಖರಗ್‌ಪುರ ಐಐಟಿಯ ಬಿ. ಎಸ್. ಮೂರ್ತಿ, ಎಂ. ಚಕ್ರವರ್ತಿ ಅವರೊಡನೆ 2000ನೇ ಇಸವಿಯ ಆಸುಪಾಸಿನಲ್ಲಿ ಇದೇ ಶೇ 7 ಸಿಲಿಕಾನಿನ ಲೋಹಕ್ಕೆ ತಕ್ಕ ಬೀಜ ಯಾವುದೆಂದು ಹುಡುಕಿದರು. ಟೈಟಾನಿಯಂ ಹೆಚ್ಚಿರುವ ವಾಡಿಕೆಯ ಬೀಜ ಇಲ್ಲಿ ಸೋಲುತ್ತದೆ. ಸಿಲಿಕಾನ್ ಆ ಬೀಜದ ಕಣಗಳ ಮೇಲೆ ಪೊರೆಯಂತೆ ಕೂತು ಮೊಳಕೆಯನ್ನೇ ತಡೆಯುತ್ತದೆ. ಲೋಹಶಾಸ್ತ್ರದವರು ಇದಕ್ಕೆ ಸಿಲಿಕಾನ್ ವಿಷವೆಂದೇ ಹೆಸರಿಟ್ಟಿದ್ದಾರೆ. ಬೋರಾನ್ ಹೆಚ್ಚಿಸಿದ ಬೀಜ ಇದಕ್ಕೆ ಮೇಲು ಎಂಬುದು ಅವರ ಕೆಲಸದಿಂದ ಕಂಡುಬಂತು. ಇಷ್ಟರಿಂದಲೇ ಬೀಜದ ಬಲವೂ ಮಿತಿಯೂ ತಿಳಿಯುತ್ತದೆ: ಬೀಜವನ್ನು ಆ ಹೊಲದ ಮಣ್ಣು ಒಪ್ಪಬೇಕು. ಬಿತ್ತಿ ಬಹಳ ಹೊತ್ತು ಕಾದರೆ ಭಾರದ ಕಣಗಳು ಮೂಸೆಯ ತಳಕ್ಕೆ ಇಳಿದು ಪರಿಣಾಮವೂ ಮಾಸುತ್ತದೆ.

ಇನ್ನು ಹುಟ್ಟು. 600 ಡಿಗ್ರಿಯ ಲೋಹಕ್ಕೆ ಕಟ್ಟಿಗೆ ಹಾಕಲಾಗದು, ಕಬ್ಬಿಣದ ಸಲಾಕೆ ಹಾಕಿದರೆ ಕಬ್ಬಿಣವೇ ಕರಗಿ ಲೋಹ ಸೇರುತ್ತದೆ. ಮುಟ್ಟದೆ ತಿರುವುವ ಉಪಾಯ ಬೀಳಗಿಯ ಹೊಲದ ಪಂಪ್‌ಸೆಟ್ಟಿನಲ್ಲೂ ಬನಹಟ್ಟಿಯ ಮಗ್ಗದ ಮೋಟಾರಿನಲ್ಲೂ ಇದೆ. ಮೋಟಾರು ಬಿಚ್ಚಿದವರಿಗೆ ಗೊತ್ತು, ಒಳಗೆ ತಿರುಗುವ ರೋಟರಿಗೆ ಯಾವ ತಂತಿಯೂ ಹೋಗಿರುವುದಿಲ್ಲ. ಅದರ ಸರಳುಗಳು ಬಹುಮಟ್ಟಿಗೆ ಎರಕದ ಅಲ್ಯೂಮಿನಿಯಮ್ಮಿನವೇ. ಅದರ ಸುತ್ತ ನಿಂತಿರುವ ಸ್ಟೇಟರಿನ ತ್ರೀ ಫೇಸ್ ಸುರುಳಿಗಳಲ್ಲಿ ಕಾಂತಕ್ಷೇತ್ರ ಸುತ್ತುತ್ತದೆ, ಅದರಿಂದ ಸರಳುಗಳಲ್ಲಿ ತಾನಾಗಿ ಕರೆಂಟು ಹುಟ್ಟುತ್ತದೆ, ಆ ಕರೆಂಟನ್ನು ಕಾಂತ ತಳ್ಳುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟದ ಲೋಹವಾದರೂ ತಿರುಗುವುದು ಈ ಕಾರಣಕ್ಕೆ. ರೋಟರನ್ನು ತೆಗೆದು ಅಲ್ಲಿ ಕರಗಿದ ಅಲ್ಯೂಮಿನಿಯಂ ಇರುವ ಮೂಸೆಯನ್ನಿಟ್ಟರೆ ಲೋಹವೇ ರೋಟರಾಗಿ ಸುತ್ತುತ್ತದೆ. ಸುತ್ತಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ನಡುವಿನ ಹೆಚ್ಚಿನ ಬಿಸಿ ಬೇಗ ಹರಡಿ ಲೋಹವೆಲ್ಲ ಸರಿಸುಮಾರು ಒಂದೇ ಬಿಸಿಗೆ ಬರುತ್ತದೆ. ಆಗಷ್ಟೇ ಮೂಡಿದ ಕೊಂಬೆಗಳ ತುಣುಕುಗಳು ಹರಿವಿನಲ್ಲಿ ತೇಲಿ ಎಲ್ಲೆಡೆ ಹೊಸ ಹರಳಿಗೆ ಬೀಜವಾಗುತ್ತವೆ. ಅಂದರೆ ಹುಟ್ಟು ಬೀಜವನ್ನೂ ತಾನೇ ತಯಾರಿಸುತ್ತದೆ, ಹೊರಗಿನಿಂದ ಏನನ್ನೂ ಸೇರಿಸದೆ. ಕೊಂಬೆ ಮುರಿಯುತ್ತದೆಯೋ, ಅದರ ಬುಡವೇ ಕರಗಿ ಕಳಚುತ್ತದೆಯೋ ಎಂಬ ವಾದ ಪಂಡಿತರಲ್ಲಿ ಬಹಳ ನಡೆದಿದೆ. ಎರಕ ಹೊಯ್ಯುವವನಿಗೆ ಎರಡೂ ಒಂದೇ.

1970ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಮರ್ಟನ್ ಫ್ಲೆಮಿಂಗ್ಸ್ ಅವರ ತಂಡ, ತಿರುವುತ್ತ ತಣಿಸಿದ ಲೋಹ ಅರೆಗಟ್ಟಿಯಾದಾಗಲೂ ಹರಿಯುತ್ತದೆ ಎಂದು ಕಂಡಿತು. 1980ರ ದಶಕದಲ್ಲಿ ಫ್ರಾನ್ಸಿನ ವಿವೆಸ್ ಅಚ್ಚಿನ ಸುತ್ತಲೇ ಸುರುಳಿಯಿಟ್ಟು ಲೋಹದ ಕಣ, ಅಂದರೆ ಹರಳು, ನುಣ್ಣಗಾಗಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ದತ್ತ ಮತ್ತು ಸಂಗಡಿಗರು ಲೋಹವನ್ನು ಮೇಲೆ ಕೆಳಗೆ ತಿರುವುವ ವಿದ್ಯುತ್ಕಾಂತೀಯ ಯಂತ್ರವನ್ನೇ ಕಟ್ಟಿದರು. ಹಾಗಾಗಿ ಇದು ಪರದೇಶದ ಪವಾಡವೇನಲ್ಲ.

ಆಕ್ಷೇಪಗಳು ಹಗುರವಲ್ಲ. ಚಿಟಿಕೆ ಬೀಜ ಸಾಕಾಗುವಲ್ಲಿ ಇಷ್ಟು ಕರೆಂಟು ಏಕೆ ಎಂಬುದು ಮೊದಲನೆಯದು. ಸಾಮಾನ್ಯ ಎರಕಕ್ಕೆ ಬೀಜವೇ ಅಗ್ಗ, ಅಲ್ಲಿ ಬೀಜವೇ ಗೆಲ್ಲಲಿ. ಆದರೆ ಗುಜರಿ ಕರಗಿಸಿ ಹೊಯ್ಯುವ ಫೌಂಡ್ರಿಯಲ್ಲಿ ಪ್ರತಿ ಸುತ್ತಿಗೂ ಬೇಡದ ಧಾತುಗಳು ಸೇರುತ್ತಲೇ ಹೋಗುತ್ತವೆ, ಅಲ್ಲಿ ಏನನ್ನೂ ಉಳಿಸದೆ ಹೋಗುವ ಉಪಾಯಕ್ಕೆ ಬೆಲೆಯಿದೆ. ಎರಡನೆಯದು ಇನ್ನೂ ಚುರುಕು: ಅಲ್ಯೂಮಿನಿಯಮ್ಮಿನಲ್ಲಿ ಕಣ ಚಿಕ್ಕದಾದ ಮಾತ್ರಕ್ಕೆ ಬಲವೇನೂ ಹೇಳಿಕೊಳ್ಳುವಷ್ಟು ಏರುವುದಿಲ್ಲ. ನಿಜ. ಬಲದ ಆಸೆ ತೋರಿಸಿ ಈ ಯಂತ್ರ ಮಾರುವವರ ಮಾತು ನಂಬಬೇಡಿ. ಲಾಭವಿರುವುದು ದ್ರವದ ದಾರಿ ತೆರೆದಿರುವುದರಲ್ಲಿ, ಬಿರುಕು ತಗ್ಗುವುದರಲ್ಲಿ, ಎಲ್ಲ ಭಾಗವೂ ಒಂದೇ ಹದವಾಗಿರುವುದರಲ್ಲಿ. ಮೂರನೆಯದು ಯಂತ್ರದ್ದೇ ಮಿತಿ. 50 ಹರ್ಟ್ಸಿನ ಕ್ಷೇತ್ರ ಕರಗಿದ ಅಲ್ಯೂಮಿನಿಯಮ್ಮಿನೊಳಗೆ ಮೂರೂವರೆ ಸೆಂಟಿಮೀಟರಿನಷ್ಟು ಹೊಗುವ ಹೊತ್ತಿಗೆ ಬಹಳ ಕ್ಷೀಣಿಸುತ್ತದೆ; ದಪ್ಪ ದಿಮ್ಮಿಗೆ ಇನ್ನೂ ಕಡಿಮೆ ಆವರ್ತನ ಬೇಕು. ಅತಿಯಾಗಿ ತಿರುವಿದರೆ ಮೇಲಿನ ಆಕ್ಸೈಡ್ ಕೆನೆ ಒಳಕ್ಕೆ ಹೋಗುತ್ತದೆ. ಲೋಹ ತೀರ ಬಿಸಿಯಿದ್ದಾಗ ತಿರುವಿದರೆ ತುಣುಕುಗಳು ಮತ್ತೆ ಕರಗಿ ಶ್ರಮವೆಲ್ಲ ವ್ಯರ್ಥ. ಈ ಮೂರನೆಯ ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ. ಯಂತ್ರ ಕೊಂಡರೂ ಗಳಿಗೆ ತಿಳಿಯದಿದ್ದರೆ ಫಲವಿಲ್ಲ, ಗಾಣದಲ್ಲಿ ಪಾಕ ತಪ್ಪಿದವನಿಗೆ ಹುಟ್ಟು ಎಷ್ಟು ಒಳ್ಳೆಯದಿದ್ದರೇನು?

ಆದ್ದರಿಂದ ಈ ಸೀಮೆಯ ಐಟಿಐ, ಪಾಲಿಟೆಕ್ನಿಕ್ ಮೇಷ್ಟರಲ್ಲಿ ಒಂದು ಕೋರಿಕೆ. ದೊಡ್ಡ ಯಂತ್ರಕ್ಕೆ ಅರ್ಜಿ ಹಾಕುವ ಮುನ್ನ ವೈಂಡಿಂಗ್ ಅಂಗಡಿಯಿಂದ ಹಳೆಯ ಸ್ಟೇಟರೊಂದನ್ನು ತನ್ನಿ. ಬಿಸಿ ತಾಗದಂತೆ ಒಳಮೈಗೆ ಹೊದಿಕೆ ಕೊಡಿ. ರೋಟರಿಲ್ಲದಾಗ ಪೂರ್ಣ ವೋಲ್ಟೇಜ್ ಕೊಟ್ಟರೆ ಸುರುಳಿ ಸುಟ್ಟೀತು, ಡಿಮ್ಮರ್‌ಸ್ಟಾಟ್ ಮೂಲಕವೇ ಕೊಡಿ. ಲೋಹದಲ್ಲಿ ಥರ್ಮೊಕಪಲ್ ಇಳಿಬಿಟ್ಟು ಹೆಪ್ಪುಗಟ್ಟಲು ತೊಡಗುವ ಗಳಿಗೆ ಗುರುತಿಸಿ. ಒಂದೇ ಮೂಸೆಯ ಲೋಹದಿಂದ ತಿರುವಿದ್ದೊಂದು, ತಿರುವದ್ದೊಂದು ಎರಕ ಹೊಯ್ದು, ಎರಡನ್ನೂ ಕೊಯ್ದು ಉಜ್ಜಿ ಆಸಿಡ್ ಹಚ್ಚಿ ಮಕ್ಕಳ ಮುಂದಿಡಿ. ಕಣದ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.